ಶೇ. 83ಕ್ಕೆ ಬಂದು ಸಾಯುತ್ತಿದ್ದ ಇನ್‌ಸ್ಟಾಲರ್: ಒಂದು ಸ್ವಾಪ್ ಫೈಲ್‌ಗೆ ಮೂರು ದಿನ

ಅಕ್ಕನ ಮಗನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡುತ್ತೇನೆ ಅಂತ ಒಪ್ಪಿಕೊಂಡಾಗ ಇದು ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಶನಿವಾರ ಸಂಜೆ ಶುರುವಾದದ್ದು ಸೋಮವಾರ ರಾತ್ರಿ ಮುಗಿಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಹತ್ತು ಕಮಾಂಡ್ ಕೂಡ ಇಲ್ಲ, ಜೊತೆಗೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನೇನು ಜೋಡಿಸಬೇಕು ಅಂತ ಬರೆದಿಡುವ ಫೈಲ್) ಎರಡು ಸಾಲು. ಉಳಿದ ಹೊತ್ತೆಲ್ಲ ತಪ್ಪು ಕಡೆ ಹುಡುಕಿದ್ದಕ್ಕೇ ಹೋಯಿತು. ನೋಟ್‌ಬುಕ್‌ನಲ್ಲಿ ಗೀಚಿಕೊಂಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಹಾಕುತ್ತಿದ್ದೇನೆ, ಪೆದ್ದುತನಗಳನ್ನೂ ಸೇರಿಸಿ.

ಯಂತ್ರ: 4 ಜಿಬಿ ಮೆಮೊರಿ, 240 ಜಿಬಿ ಸಾಟಾ ಎಸ್‌ಎಸ್‌ಡಿ, ಯುಇಎಫ್‌ಐ ಬೂಟ್. 16 ಜಿಬಿ ಪೆನ್‌ಡ್ರೈವ್, ಒಂದು ಸ್ಟಾರ್ ಸ್ಕ್ರೂಡ್ರೈವರ್. ಎಲ್ಲ ಮೊದಲೇ ಇದ್ದದ್ದು, ಹೊಸದಾಗಿ ಏನೂ ಕೊಳ್ಳಲಿಲ್ಲ. ಡಿಸ್ಟ್ರೋ (ಲಿನಕ್ಸ್‌ನ ಬಗೆ) ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಇದೇ ಗುಂಡಿಗೆ ಯಾರು ಬೇಕಾದರೂ ಯಾವ ಡಿಸ್ಟ್ರೋದಲ್ಲಾದರೂ ಬೀಳಬಹುದು. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

ಫೈಲ್‌ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಬಿಟಿಆರ್‌ಎಫ್‌ಎಸ್ ಇರಲಿ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹುಡುಗನಿಗೆ ಕಂಡಕಂಡದ್ದನ್ನೆಲ್ಲ ಹಾಕಿ ನೋಡುವ ಚಟ. ಏನಾದರೂ ಕೆಡಿಸಿಕೊಂಡರೆ ಹಿಂದಿನ ಸ್ನ್ಯಾಪ್‌ಶಾಟ್‌ಗೆ (ಸಿಸ್ಟಮ್ ಆ ಹೊತ್ತಿಗೆ ಹೇಗಿತ್ತೋ ಹಾಗೇ ಹಿಡಿದಿಟ್ಟ ಪ್ರತಿ) ಹೋಗಿಬಿಟ್ಟರೆ ಆಯಿತು, ನನಗೆ ಫೋನ್ ಬರಲ್ಲ. ಜೊತೆಗೆ ಝೆಡ್‌ಸ್ಟ್ಯಾಂಡರ್ಡ್ ಕಂಪ್ರೆಶನ್ ಇರುವುದರಿಂದ ಡಿಸ್ಕ್‌ನಲ್ಲಿ ಜಾಗವೂ ಸ್ವಲ್ಪ ಉಳಿಯುತ್ತೆ.

ಶನಿವಾರ, ಸಂಜೆ 5:10. ಪ್ರಯತ್ನ 1

ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಸೆಶನ್ ಬಂತು. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ಸರಿ. ಇನ್‌ಸ್ಟಾಲರ್‌ನಲ್ಲಿ ಮೂರು ಆಯ್ಕೆ ಮಾಡಿದೆ: ಇಡೀ ಡಿಸ್ಕ್ ಅಳಿಸು, ಫೈಲ್‌ಸಿಸ್ಟಮ್ ಬಿಟಿಆರ್‌ಎಫ್‌ಎಸ್, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಫೈಲ್. ಈ ಮೂರನೆಯದನ್ನು ಯೋಚನೆ ಮಾಡದೆ ಒತ್ತಿದ್ದು. ಮೆಮೊರಿ 4 ಜಿಬಿ ಅಷ್ಟೇ ಇದೆ, ಸ್ವಾಪ್ ಬೇಕೇ ಬೇಕು, ಪಾರ್ಟಿಶನ್‌ಗಿಂತ ಫೈಲ್ ಸುಲಭ ಅಂದುಕೊಂಡೆ.

ಹನ್ನೊಂದು ನಿಮಿಷ ಚೆನ್ನಾಗಿ ಓಡಿತು. ಶೇ. 83ಕ್ಕೆ ಬಂದು ನಿಂತಿತು. ಒಂದು ಕಿಟಕಿ ತೆರೆದು, ಹೊರಗಿನ ಕಮಾಂಡ್ ಒಂದು ತಪ್ಪಿನೊಂದಿಗೆ ಮುಗಿದಿದೆ, ಕೋಡ್ 255, ಅಂತ ಹೇಳಿತು. ಕೆಳಗೆ ಎರಡು ಬಟನ್: ವಿವರ, ಮುಚ್ಚು. ನಾನು ಮುಚ್ಚು ಒತ್ತಿದೆ. ಫೋಟೋ ಕೂಡ ತೆಗೆಯಲಿಲ್ಲ. ಈ ಇಡೀ ಕತೆಯಲ್ಲಿ ಅತಿ ದುಬಾರಿಯಾದ ಕ್ಲಿಕ್ ಅದು. ನನಗೆ ಬೇಕಾಗಿದ್ದ ಸಾಲು ಆ ವಿವರ ಬಟನ್ನಿನ ಹಿಂದೆಯೇ ಇತ್ತು ಅಂತ ಗೊತ್ತಾದದ್ದು ಸೋಮವಾರ.

ಸಂಜೆ 5:35. ಪ್ರಯತ್ನ 2

ರೀಸ್ಟಾರ್ಟ್ ಮಾಡದೆ ಇನ್‌ಸ್ಟಾಲರ್ ಮತ್ತೆ ತೆರೆದು ಅದೇ ಆಯ್ಕೆಗಳನ್ನು ಕೊಟ್ಟೆ. ಈ ಸಲ ಶೇ. 4ಕ್ಕೇ ಬಿತ್ತು. ಪಾರ್ಟಿಶನ್ ಟೇಬಲ್ ಬರೆಯಲು ಆಗಲಿಲ್ಲವಂತೆ.

ಒಂದು ಸಲ 83, ಇನ್ನೊಂದು ಸಲ 4. ಇದನ್ನು ನೋಡಿದ್ದೇ ನನ್ನ ತಲೆ ಹಾರ್ಡ್‌ವೇರ್ ಕಡೆ ತಿರುಗಿತು. ಎಲ್ಲೆಲ್ಲೋ ಬೀಳುತ್ತಿದೆ ಅಂದರೆ ಡಿಸ್ಕ್ ಅಥವಾ ಮೆಮೊರಿ ಕೆಟ್ಟಿರಬೇಕು ಅಲ್ವಾ? ಅಲ್ಲ. ಎರಡನೆಯದು ಮೊದಲನೆಯದರ ಬಾಲ ಅಷ್ಟೇ. ಮೊದಲ ಸಲ ಇನ್‌ಸ್ಟಾಲರ್ ಸತ್ತಾಗ ಡಿಸ್ಕ್‌ನ ಪಾರ್ಟಿಶನ್‌ಗಳು ಮೌಂಟ್ ಆಗಿಯೇ, ಅಂದರೆ ಸಿಸ್ಟಮ್‌ಗೆ ಜೋಡಿಸಿಕೊಂಡೇ, ಉಳಿದಿದ್ದವು. ಬಳಕೆಯಲ್ಲಿರುವ ಡಿಸ್ಕ್‌ನ ಟೇಬಲ್ ಬದಲಿಸಲು ಹೋದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬಿಡಲ್ಲ. ಎಲ್‌ಎಸ್‌ಬ್ಲಾಕ್ ಅಂತ ಒಂದೇ ಕಮಾಂಡ್ ಕೊಟ್ಟಿದ್ದರೆ ಎಸ್‌ಡಿಎ2ರ (ಡಿಸ್ಕ್‌ನ ಎರಡನೇ ಪಾರ್ಟಿಶನ್) ಎದುರು ಟೆಂಪ್ ಫೋಲ್ಡರ್‌ನ ದಾರಿ ಕಾಣುತ್ತಿತ್ತು. ನಾನು ಕೊಡಲಿಲ್ಲ.

ಸಂಜೆ 6ರಿಂದ 7:30. ಪ್ರಯತ್ನ 3

ಪೆನ್‌ಡ್ರೈವ್ ಮೇಲೆ ಅನುಮಾನ. ಐಎಸ್‌ಒ ಫೈಲ್‌ನ ಶಾ256 ಮೊತ್ತ (ಫೈಲ್ ಕೆಟ್ಟಿಲ್ಲ ಅಂತ ತಿಳಿಯುವ ಸಂಖ್ಯೆ) ಲೆಕ್ಕ ಹಾಕಿದೆ, ತಾಳೆಯಾಯಿತು. ಆದರೂ ಸಮಾಧಾನ ಇಲ್ಲ. ಡಿಡಿ ಬಳಸಿ, ಬ್ಲಾಕ್ ಗಾತ್ರ 4 ಎಂಬಿ ಕೊಟ್ಟು, ಕೊನೆಗೆ ಎಫ್‌ಸಿಂಕ್ ಸೇರಿಸಿ ಮತ್ತೆ ಬರೆದೆ. ಬರೆದದ್ದನ್ನು ಸಿಎಂಪಿ ಕಮಾಂಡ್‌ನಿಂದ ಬೈಟ್ ಬೈಟ್ ಹೋಲಿಸಿದೆ. ಒಂದೂ ವ್ಯತ್ಯಾಸ ಇಲ್ಲ. ಬೇರೆ ಪೋರ್ಟ್‌ಗೆ ಚುಚ್ಚಿ ಹೊಸದಾಗಿ ಬೂಟ್ ಮಾಡಿ ಇನ್‌ಸ್ಟಾಲ್ ಒತ್ತಿದೆ.

ಶೇ. 83.

ಇಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಕೆಟ್ಟ ಪೆನ್‌ಡ್ರೈವ್ ಪ್ರತಿ ಸಲ ಅದೇ ಶೇಕಡಾವಾರಿಗೆ ಕಾದು ಕೂತು ಕೈಕೊಡಲ್ಲ. ಅಷ್ಟು ಶಿಸ್ತು ಸಾಫ್ಟ್‌ವೇರ್‌ಗೆ ಮಾತ್ರ ಇರುತ್ತೆ. ನೋಟ್‌ಬುಕ್‌ನಲ್ಲಿ ‘ಮತ್ತೆ 83’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಗೆರೆ ಎಳೆದವನು ಅದರ ಅರ್ಥ ಮಾತ್ರ ಯೋಚಿಸಲಿಲ್ಲ.

ರಾತ್ರಿ 8. ಪ್ರಯತ್ನ 4, ಸ್ಕ್ರೂಡ್ರೈವರ್ ಸಮೇತ

ಎಸ್‌ಎಸ್‌ಡಿ ಸರಿಯಾಗಿ ಕೂತಿಲ್ಲವೇನೋ ಅಂತ ಲ್ಯಾಪ್‌ಟಾಪ್ ತಿರುಗಿಸಿ ಬಿಚ್ಚಿದೆ. ಹತ್ತು ಸ್ಕ್ರೂ. ಎಸ್‌ಎಸ್‌ಡಿ ತೆಗೆದು, ಕನೆಕ್ಟರ್ ಒರೆಸಿ, ಮತ್ತೆ ಒತ್ತಿ ಕೂರಿಸಿದೆ. ಮುಚ್ಚುವಾಗ ಒಂಬತ್ತು ಸ್ಕ್ರೂಗೆ ಜಾಗ ಸಿಕ್ಕಿತು. ಹತ್ತನೆಯದು ಕೈಯಲ್ಲೇ ಉಳಿಯಿತು. ಹುಡುಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ. “ಮಾಮಾ, ಅದು ಎಕ್ಸ್‌ಟ್ರಾ ಬಂದಿದ್ದಾ?” ಅಂದ. ಹೌದು ಅಂದೆ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದೆ. ರೀಅಲೊಕೇಟೆಡ್ ಸೆಕ್ಟರ್ ಸೊನ್ನೆ, ಸಿಆರ್‌ಸಿ ದೋಷ ಸೊನ್ನೆ. ಡಿಸ್ಕ್ ಗುಂಡುಕಲ್ಲಿನ ಹಾಗಿದೆ. ಇನ್‌ಸ್ಟಾಲ್ ಮತ್ತೆ 83ಕ್ಕೇ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಮಲಗುವ ಮುಂಚೆ ಮೆಮೊರಿ ಪರೀಕ್ಷೆ ಹಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ನಾಲ್ಕು ಸುತ್ತು ಮುಗಿದು ಐದನೆಯದು ನಡೀತಾ ಇತ್ತು, ದೋಷ ಸೊನ್ನೆ. ಹಾರ್ಡ್‌ವೇರ್ ಕತೆ ಅಲ್ಲಿಗೆ ಮುಗಿಯಿತು.

ಭಾನುವಾರ, ಬೆಳಿಗ್ಗೆ 9. ಪ್ರಯತ್ನ 5

ಸುಮ್ನೆ ಒಂದು ಸಲ ಬಿಟಿಆರ್‌ಎಫ್‌ಎಸ್ ಬದಲು ಎಕ್ಸ್ಟ್4 ಅನ್ನುವ ಫೈಲ್‌ಸಿಸ್ಟಮ್ ಹಾಕಿ ನೋಡೋಣ ಅನ್ನಿಸಿತು. ಹಾಕಿದೆ. ಹನ್ನೆರಡು ನಿಮಿಷಕ್ಕೆ ಇನ್‌ಸ್ಟಾಲ್ ಪೂರ್ತಿ, ರೀಸ್ಟಾರ್ಟ್, ಲಾಗಿನ್ ಪರದೆ ಬಂತು.

ನೋಟ್‌ಬುಕ್‌ನಲ್ಲಿ ‘ಬಿಟಿಆರ್‌ಎಫ್‌ಎಸ್ಸೇ ಕಳ್ಳ’ ಅಂತ ಬರೆದಿದ್ದೇನೆ. ಈ ತೀರ್ಮಾನ ತಪ್ಪು, ತಪ್ಪಾದ ರೀತಿ ಹೇಳಬೇಕು. ಎಕ್ಸ್ಟ್4 ಆರಿಸುವಾಗ, ಸುಮ್ನೆ ಪರೀಕ್ಷೆ ತಾನೇ, ಬೇಗ ಮುಗೀಲಿ ಅಂತ ಸ್ವಾಪ್ ಕೂಡ ‘ಬೇಡ’ ಮಾಡಿದ್ದೆ. ಅಂದರೆ ಒಂದೇ ಸಲಕ್ಕೆ ಎರಡು ವಿಷಯ ಬದಲಿಸಿದ್ದೆ. ಗೆದ್ದದ್ದು ಯಾವುದರಿಂದ ಅಂತ ಹೇಳಲು ಬರುವ ಹಾಗಿರಲಿಲ್ಲ. ಆದರೆ ನನಗೆ ಆಗ ನೆನಪಿದ್ದದ್ದು ಒಂದೇ ಬದಲಾವಣೆ.

ಆದರೂ ಏನೋ ಕೊರೆಯುತ್ತಿತ್ತು. ಬಿಟಿಆರ್‌ಎಫ್‌ಎಸ್ ಕರ್ನಲ್‌ಗೆ ಸೇರಿದ್ದು 2009ರಲ್ಲಿ, 2.6.29ರ ಜೊತೆ. ಇಷ್ಟು ವರ್ಷ ಆದ ಮೇಲೆ ಖಾಲಿ ಡಿಸ್ಕ್ ಮೇಲೆ ಕೆಲವು ಸಾವಿರ ಫೈಲ್ ಬರೆಯಲು ಆಗದೆ ಬೀಳುತ್ತೆ ಅಂದರೆ ನಂಬೋದು ಹೇಗೆ? ಲೈವ್ ಸೆಶನ್‌ಗೆ ಹೋಗಿ ಕೈಯಾರೆ ಬಿಟಿಆರ್‌ಎಫ್‌ಎಸ್ ಮಾಡಲು ಹೊರಟೆ. ಫೈಲ್‌ಸಿಸ್ಟಮ್ ಸೃಷ್ಟಿಸುವ ಎಂಕೆಎಫ್‌ಎಸ್ ಕಮಾಂಡ್ ನಿರಾಕರಿಸಿತು: ಇಲ್ಲಿ ಈಗಾಗಲೇ ಎಕ್ಸ್ಟ್4 ಇದೆ, ಮೇಲೆ ಬರೆಯಬೇಕಾದರೆ -ಎಫ್ ಕೊಡು. ಒಳ್ಳೆಯ ಅಭ್ಯಾಸ. ಆಮೇಲಿನ ಪ್ರತಿ ಪ್ರಯತ್ನಕ್ಕೂ ಮುಂಚೆ ವೈಪ್‌ಎಫ್‌ಎಸ್ -ಎ ಕೊಟ್ಟು ಹಳೆಯ ಗುರುತು ಅಳಿಸಿದೆ, ಮೊದಲು ಪಾರ್ಟಿಶನ್‌ಗಳಿಗೆ, ಆಮೇಲೆ ಇಡೀ ಡಿಸ್ಕ್‌ಗೆ. ಹಿಂದಿನ ಸುತ್ತಿನ ಗಲೀಜು ಮುಂದಿನ ಸುತ್ತಿಗೆ ಬರದೇ ಇರಲಿ ಅಂತ.

ಮೌಂಟ್ ಮಾಡಿ 6 ಜಿಬಿಯಷ್ಟು ಫೈಲ್ ತುಂಬಿ, ಬರೆದದ್ದೆಲ್ಲ ಸರಿಯಾಗಿದೆಯಾ ಅಂತ ಓದಿ ನೋಡುವ ಸ್ಕ್ರಬ್ ಓಡಿಸಿದೆ. ದೋಷ ಸೊನ್ನೆ. ಬಿಟಿಆರ್‌ಎಫ್‌ಎಸ್ ಕಳ್ಳ ಅಲ್ಲ. ‘ಕಳ್ಳ’ ಪದ ಹೊಡೆದು ಹಾಕಿದೆ.

ಮಧ್ಯಾಹ್ನ 1. ಪ್ರಯತ್ನ 6, ಅಡ್ಡದಾರಿ

ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್ ಹಾಕಿದರೆ ಏನಾಗುತ್ತೆ? ಈ ಸಲ ಪಾರ್ಟಿಶನ್‌ಗಳನ್ನು ನಾನೇ ಮಾಡಿದೆ. ಇಎಫ್‌ಐಗೆ 512 ಎಂಬಿ, ಬೂಟ್‌ಗೆ ಬೇರೆ 256 ಎಂಬಿ, ಉಳಿದದ್ದು ರೂಟ್ (ಸಿಸ್ಟಮ್ ಇರುವ ಮುಖ್ಯ ಭಾಗ). ಬೂಟ್, ರೂಟ್ ಎರಡಕ್ಕೂ ಎಕ್ಸ್‌ಎಫ್‌ಎಸ್. ಇನ್‌ಸ್ಟಾಲರ್ ಶೇ. 9ಕ್ಕೆ ಬಿತ್ತು.

ಮೂರನೇ ಬಗೆಯ ಸಾವು. ತಲೆ ಕೆಟ್ಟುಹೋಯಿತು. ಆದರೆ ಈ ಸಲ ವಿವರ ಬಟನ್ ಒತ್ತಿದೆ. ಒತ್ತಬೇಕು ಅಂತಲ್ಲ, ಮುಚ್ಚು ಒತ್ತಲು ಹೋಗಿ ಕೈತಪ್ಪಿ ಅದರ ಮೇಲೆ ಬಿತ್ತು. ಅಲ್ಲಿ ಉತ್ತರ ನೆಟ್ಟಗೆ ಬರೆದಿತ್ತು: ಫೈಲ್‌ಸಿಸ್ಟಮ್ 300 ಎಂಬಿಗಿಂತ ದೊಡ್ಡದಿರಬೇಕು. ಎಕ್ಸ್‌ಎಫ್‌ಎಸ್‌ನ ಕಮಾಂಡ್‌ಗಳ ಪ್ಯಾಕೇಜ್ ಆದ ಎಕ್ಸ್‌ಎಫ್‌ಎಸ್‌ಪ್ರಾಗ್ಸ್ 5.19ರಿಂದ ಇದೊಂದು ನಿಯಮ, ಅದಕ್ಕಿಂತ ಚಿಕ್ಕ ಎಕ್ಸ್‌ಎಫ್‌ಎಸ್ ಅನ್ನು ಎಂಕೆಎಫ್‌ಎಸ್ ಮಾಡಿಕೊಡಲ್ಲ. ನನ್ನ ಬೂಟ್ 256. ಅಷ್ಟೇ ವಿಷಯ. ನನ್ನ ಅಸಲಿ ತೊಂದರೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆದರೆ ಈ ಅಡ್ಡದಾರಿ ಒಂದು ಉಪಕಾರ ಮಾಡಿತು. ಇನ್‌ಸ್ಟಾಲರ್‌ಗೆ ಗೊತ್ತಿರುವುದನ್ನೆಲ್ಲ ಅದು ಬರೆದಿಡುತ್ತೆ, ನಾನು ಓದುತ್ತಿಲ್ಲ ಅನ್ನೋದು ಹೊಳೆಯಿತು. ಹಾಗೇ ಹಿಂದಿನ ಪುಟಗಳನ್ನು ತಿರುವಿದಾಗ ಐದನೇ ಪ್ರಯತ್ನದ ಪಕ್ಕ ಚಿಕ್ಕದಾಗಿ ‘ಸ್ವಾಪ್ ಬೇಡ’ ಅಂತ ಬರೆದದ್ದು ಕಣ್ಣಿಗೆ ಬಿತ್ತು.

ಮಧ್ಯಾಹ್ನ 3ರಿಂದ 4. ಪ್ರಯತ್ನ 7 ಮತ್ತು 8

ಒಂದು ಚೌಕ ಎಳೆದು ನಾಲ್ಕು ಮನೆ ಮಾಡಿದೆ. ಅಡ್ಡಕ್ಕೆ ಫೈಲ್‌ಸಿಸ್ಟಮ್, ಉದ್ದಕ್ಕೆ ಸ್ವಾಪ್. ಎರಡು ಮನೆ ಆಗಲೇ ತುಂಬಿದ್ದವು: ಬಿಟಿಆರ್‌ಎಫ್‌ಎಸ್ ಜೊತೆ ಸ್ವಾಪ್ ಫೈಲ್ ಇದ್ದರೆ ಸಾವು, ಎಕ್ಸ್ಟ್4 ಸ್ವಾಪ್ ಇಲ್ಲದೆ ಸರಿ. ಉಳಿದ ಎರಡನ್ನು ತುಂಬಿದೆ. ಬಿಟಿಆರ್‌ಎಫ್‌ಎಸ್, ಸ್ವಾಪ್ ಇಲ್ಲ: ಹನ್ನೆರಡು ನಿಮಿಷಕ್ಕೆ ಪೂರ್ತಿ. ಎಕ್ಸ್ಟ್4, ಸ್ವಾಪ್ ಫೈಲ್: ಪೂರ್ತಿ.

ಬಿಟಿಆರ್‌ಎಫ್‌ಎಸ್ ಒಂದೇ ಇದ್ದರೆ ತೊಂದರೆ ಇಲ್ಲ, ಸ್ವಾಪ್ ಫೈಲ್ ಒಂದೇ ಇದ್ದರೂ ಇಲ್ಲ. ಎರಡೂ ಸೇರಿದರೆ ಮಾತ್ರ ಇನ್‌ಸ್ಟಾಲರ್ ಸಾಯುತ್ತೆ. ಈ ಚೌಕ ತುಂಬಲು ಬೇಕಾದದ್ದು ಅರ್ಧ ಗಂಟೆ ಚಿಲ್ಲರೆ. ಅದಕ್ಕಿಂತ ಜಾಸ್ತಿ ಹೊತ್ತು ನಾನು ಪೆನ್‌ಡ್ರೈವ್ ಹೋಲಿಸುವುದರಲ್ಲೇ ಕಳೆದಿದ್ದೆ.

ಸೋಮವಾರ, ಸಂಜೆ 6:30. ಪ್ರಯತ್ನ 9, ಬೇಕಂತಲೇ ಬೀಳಿಸಿದ್ದು

ಈಗ ಸಾವನ್ನು ಹತ್ತಿರದಿಂದ ನೋಡಬೇಕಿತ್ತು. ಬಿಟಿಆರ್‌ಎಫ್‌ಎಸ್ ಜೊತೆ ಸ್ವಾಪ್ ಫೈಲ್ ಆರಿಸಿ, ಇನ್‌ಸ್ಟಾಲರ್ ಅನ್ನು ಟರ್ಮಿನಲ್‌ನಿಂದ ಓಡಿಸಿದೆ. ಪಕ್ಕದ ಇನ್ನೊಂದು ಟರ್ಮಿನಲ್‌ನಲ್ಲಿ ಡಿಮೆಸೇಜ್ -ಡಬ್ಲ್ಯೂ, ಅಂದರೆ ಕರ್ನಲ್ ಹೇಳುವುದನ್ನು ಹೇಳಿದ ಹಾಗೇ ತೋರಿಸುವುದು.

83 ಬಂತು. ಮೊದಲ ಟರ್ಮಿನಲ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಂಡಿತು. ಫಾಲೋಕೇಟ್‌ನಿಂದ 4 ಜಿಬಿ ಫೈಲ್ ಮಾಡಿತು, ಸರಿ. ಅನುಮತಿ 600 ಮಾಡಿತು, ಸರಿ. ಎಂಕೆಸ್ವಾಪ್ (ಫೈಲ್ ಅನ್ನು ಸ್ವಾಪ್‌ಗೆ ಸಿದ್ಧ ಮಾಡುವುದು), ಸರಿ. ಸ್ವಾಪಾನ್ (ಅದನ್ನು ಬಳಕೆಗೆ ಹಚ್ಚುವುದು), ‘ಇನ್ವ್ಯಾಲಿಡ್ ಆರ್ಗ್ಯುಮೆಂಟ್’. ಕೋಡ್ 255. ಇನ್‌ಸ್ಟಾಲರ್ ಅಲ್ಲೇ ಕೈಚೆಲ್ಲಿತು.

‘ಇನ್ವ್ಯಾಲಿಡ್ ಆರ್ಗ್ಯುಮೆಂಟ್’ ಅನ್ನೋದು ಮಾತಲ್ಲ, ಗೊಣಗಾಟ. ಆದರೆ ಅದೇ ಕ್ಷಣಕ್ಕೆ ಎರಡನೇ ಟರ್ಮಿನಲ್‌ನಲ್ಲಿ ಹಳದಿ ಬಣ್ಣದ ಒಂದು ಸಾಲು ಉದುರಿತು. ಬಿಟಿಆರ್‌ಎಫ್‌ಎಸ್ ವಾರ್ನಿಂಗ್, ಎಸ್‌ಡಿಎ2: ‘ಸ್ವಾಪ್‌ಫೈಲ್ ಮಸ್ಟ್ ನಾಟ್ ಬಿ ಕಾಪಿ-ಆನ್-ರೈಟ್’.

ಮೂರು ದಿನ ಹುಡುಕಿದ್ದು ಒಂದು ಸಾಲಲ್ಲಿ.

ತಿಯರಿ ಜಾಸ್ತಿ ಬೇಡ, ಇಷ್ಟು ಸಾಕು. ಸ್ವಾಪ್ ಮಾಡುವಾಗ ಕರ್ನಲ್ ಆ ಫೈಲ್ ಡಿಸ್ಕ್‌ನಲ್ಲಿ ಎಲ್ಲೆಲ್ಲಿದೆ ಅಂತ ಒಂದು ಸಲ ಕೇಳಿಕೊಂಡು, ಆಮೇಲೆ ಫೈಲ್‌ಸಿಸ್ಟಮ್‌ಗೆ ಹೇಳದೆ ನೇರವಾಗಿ ಅದೇ ಜಾಗಕ್ಕೆ ಬರೆಯುತ್ತೆ. ಬಿಟಿಆರ್‌ಎಫ್‌ಎಸ್ ಸಾಮಾನ್ಯವಾಗಿ ಇದ್ದ ಜಾಗದ ಮೇಲೆ ಬರೆಯುವುದೇ ಇಲ್ಲ, ಪ್ರತಿ ಸಲ ಹೊಸ ಜಾಗಕ್ಕೆ ಬರೆದು ಹಳೆಯದನ್ನು ಬಿಡುತ್ತೆ. ಕಾಪಿ-ಆನ್-ರೈಟ್ ಅಂದರೆ ಇದೇ. ಇಬ್ಬರಿಗೂ ಹೊಂದಲ್ಲ. 5.0ಕ್ಕಿಂತ ಹಿಂದಿನ ಕರ್ನಲ್‌ಗಳಲ್ಲಿ ಬಿಟಿಆರ್‌ಎಫ್‌ಎಸ್ ಮೇಲೆ ಸ್ವಾಪ್ ಫೈಲ್ ಇಡಲು ಆಗುತ್ತಲೇ ಇರಲಿಲ್ಲ. 2019ರಲ್ಲಿ 5.0 ಬಂದ ಮೇಲೆ ಆಗುತ್ತೆ, ಆದರೆ ಆ ಫೈಲ್‌ಗೆ ಕಾಪಿ-ಆನ್-ರೈಟ್ ಬೇಡ ಅಂತ ಗುರುತು ಹಾಕಿರಬೇಕು, ಕಂಪ್ರೆಶನ್ ಇರಬಾರದು. ನನ್ನ ಇನ್‌ಸ್ಟಾಲರ್ ಎಕ್ಸ್ಟ್4ಗೆ ಮಾಡುವ ಹಾಗೇ ಇಲ್ಲೂ ಮಾಡಿಬಿಟ್ಟಿತ್ತು.

ಸಂಜೆ 7. ಸತ್ತ ಜಾಗದಲ್ಲೇ ಪರೀಕ್ಷೆ

ಶನಿವಾರ ನನ್ನನ್ನು ದಾರಿ ತಪ್ಪಿಸಿದ್ದೇ ಈಗ ಅನುಕೂಲಕ್ಕೆ ಬಂತು. ಇನ್‌ಸ್ಟಾಲರ್ ಸತ್ತರೂ ಡಿಸ್ಕ್ ಮೌಂಟ್ ಆಗಿಯೇ ಇದೆ. ಅಲ್ಲೇ ಕೈಯಾರೆ ಮಾಡಿ ನೋಡಬಹುದು.

ಮೊದಲು ಇದ್ದ ಸ್ವಾಪ್ ಫೈಲ್‌ಗೇ ಚ್ಯಾಟರ್ ಕಮಾಂಡ್‌ನಿಂದ ಆ ಗುರುತು ಹಾಕಲು ಹೋದೆ. ಎಲ್‌ಎಸ್‌ಚ್ಯಾಟರ್‌ನಲ್ಲಿ ನೋಡಿದರೆ ಗುರುತು ಅಂಟಿಲ್ಲ. ಖಾಲಿ ಫೈಲ್‌ಗೆ ಮಾತ್ರ ಅದು ಅಂಟುವುದು, ಒಳಗೆ ಡೇಟಾ ಸೇರಿದ ಮೇಲೆ ಆಗಲ್ಲ. ಸರಿ, ಫೈಲ್ ಅಳಿಸಿ, ಸೊನ್ನೆ ಗಾತ್ರದ ಹೊಸ ಫೈಲ್ ಮಾಡಿ, ಗುರುತು ಹಾಕಿ, ಆಮೇಲೆ 4 ಜಿಬಿಗೆ ಬೆಳೆಸಿದೆ. ಎಂಕೆಸ್ವಾಪ್, ಸ್ವಾಪಾನ್.

ಮತ್ತೆ ‘ಇನ್ವ್ಯಾಲಿಡ್ ಆರ್ಗ್ಯುಮೆಂಟ್’. ಪಕ್ಕದ ಟರ್ಮಿನಲ್‌ನಲ್ಲಿ ಈ ಸಲ ಬೇರೆ ಸಾಲು: ಸ್ವಾಪ್‌ಫೈಲ್ ಕಂಪ್ರೆಸ್ ಆಗಿರಬಾರದು.

ಕಂಪ್ರೆಸ್? ಆ ಫೈಲ್‌ಗೆ ಕಂಪ್ರೆಶನ್ ಯಾರು ಹಾಕಿದ್ದು? ಐದು ನಿಮಿಷ ಪರದೆಯನ್ನೇ ನೋಡುತ್ತಾ ಕೂತೆ. ಹಾಕಿದವನು ನಾನೇ. ಚ್ಯಾಟರ್‌ಗೆ ಕೊಡಬೇಕಾದದ್ದು ಪ್ಲಸ್ ದೊಡ್ಡ ಸಿ. ನಾನು ಒತ್ತಿದ್ದು ಚಿಕ್ಕ ಸಿ. ದೊಡ್ಡ ಸಿ ಅಂದರೆ ಕಾಪಿ-ಆನ್-ರೈಟ್ ಬೇಡ. ಚಿಕ್ಕ ಸಿ ಅಂದರೆ ಕಂಪ್ರೆಸ್ ಮಾಡು. ಒಂದು ಶಿಫ್ಟ್ ಕೀ ಬಿಟ್ಟದ್ದಕ್ಕೆ ಬೇಕಾದದ್ದರ ಬದಲು ಬೇಡದ್ದು ಬಂದು ಕೂತಿತ್ತು. ಮೊದಲನೇ ಸಲವೂ ಚಿಕ್ಕದನ್ನೇ ಒತ್ತಿದ್ದೆನೋ ಏನೋ, ಹಿಸ್ಟರಿ ನೋಡುವ ಧೈರ್ಯ ಬರಲಿಲ್ಲ.

ಸರಿಯಾದ ಕ್ರಮ, ನೋಟ್‌ಬುಕ್‌ನಿಂದ:

1. ಟ್ರಂಕೇಟ್ -ಎಸ್ 0, ಮುಂದೆ ಫೈಲ್ ಹೆಸರು. ಖಾಲಿ ಫೈಲ್ ಆಗುತ್ತೆ.
2. ಚ್ಯಾಟರ್ ಪ್ಲಸ್ ಸಿ. ದೊಡ್ಡ ಸಿ. ಎಲ್‌ಎಸ್‌ಚ್ಯಾಟರ್ ಕೊಟ್ಟು ಅಡ್ಡಗೆರೆಗಳ ಸಾಲಿನ ನಡುವೆ ದೊಡ್ಡ ಸಿ ಕಾಣುತ್ತಾ ನೋಡಿ.
3. ಫಾಲೋಕೇಟ್ -ಎಲ್ 4ಜಿ.
4. ಸಿಎಚ್‌ಮಾಡ್ 600.
5. ಎಂಕೆಸ್ವಾಪ್.
6. ಸ್ವಾಪಾನ್.

ಆರನೆಯದು ಏನೂ ಹೇಳದೆ ಮುಗಿಯಿತು. ಸ್ವಾಪಾನ್ ಮುಂದೆ ಡ್ಯಾಶ್ ಡ್ಯಾಶ್ ಶೋ ಕೊಟ್ಟಾಗ 4ಜಿ ಅಂತ ತೋರಿಸಿತು.

ಬಿಟಿಆರ್‌ಎಫ್‌ಎಸ್‌ಪ್ರಾಗ್ಸ್ 6.1 ಅಥವಾ ಅದಕ್ಕಿಂತ ಹೊಸದು ಇದ್ದರೆ ಇಷ್ಟೆಲ್ಲ ಬೇಡ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಎಂಕೆಸ್ವಾಪ್‌ಫೈಲ್ ಅಂತ ಒಂದೇ ಕಮಾಂಡ್ ಇದೆ, ಗಾತ್ರ ಹೇಳಿದರೆ ಮೊದಲ ಐದನ್ನೂ ತಾನೇ ಮಾಡುತ್ತೆ. ನನ್ನ ಐಎಸ್‌ಒದಲ್ಲಿ ಇದ್ದದ್ದು 5.16.

ರಾತ್ರಿ 7:45. ಪ್ರಯತ್ನ 10

ರೀಸ್ಟಾರ್ಟ್, ವೈಪ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಸ್ವಾಪ್ ಬೇಡ. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸ ಆಗಿತ್ತು. ಹೊಸ ಸಿಸ್ಟಮ್‌ಗೆ ಲಾಗಿನ್ ಆಗಿ ಮೇಲಿನ ಆರು ಹೆಜ್ಜೆ ರೂಟ್‌ನಲ್ಲೇ ಮಾಡಿದೆ, ಎಫ್‌ಎಸ್‌ಟ್ಯಾಬ್‌ಗೆ ಒಂದು ಸಾಲು ಸೇರಿಸಿದೆ. ರೀಸ್ಟಾರ್ಟ್ ಆಯಿತು, ಸ್ವಾಪ್ ಇದೆ. ಮುಗೀತು ಅಂತ ಹುಡುಗನನ್ನು ಕರೆದು, ನೋಡು ಸ್ನ್ಯಾಪ್‌ಶಾಟ್ ಅಂದರೆ ಹೀಗೆ ಅಂತ ತೋರಿಸಲು ಹೋದೆ.

‘ಟೆಕ್ಸ್ಟ್ ಫೈಲ್ ಬಿಜಿ’.

ಸ್ನ್ಯಾಪ್‌ಶಾಟ್ ಆಗಲಿಲ್ಲ. ಬಿಟಿಆರ್‌ಎಫ್‌ಎಸ್ ಹಾಕಿದ್ದೇ ಅದಕ್ಕೆ, ಅದೇ ಆಗಲ್ಲ ಅನ್ನುತ್ತಿದೆ. ಈ ಸಲ ಮಾತ್ರ ನೇರ ಡಿಮೆಸೇಜ್‌ಗೇ ಹೋದೆ: ಬಳಕೆಯಲ್ಲಿರುವ ಸ್ವಾಪ್ ಫೈಲ್ ಇರುವ ಸಬ್‌ವಾಲ್ಯೂಮ್‌ನ (ಬಿಟಿಆರ್‌ಎಫ್‌ಎಸ್ ಒಳಗೆ ಬೇರೆಯಾಗಿ ಮೌಂಟ್ ಮಾಡಬಹುದಾದ ಭಾಗ) ಸ್ನ್ಯಾಪ್‌ಶಾಟ್ ತೆಗೆಯಲು ಆಗಲ್ಲ. ನ್ಯಾಯವಾದ ಮಾತೇ. ಸ್ನ್ಯಾಪ್‌ಶಾಟ್ ತೆಗೆದರೆ ಆ ಫೈಲ್‌ನ ಬ್ಲಾಕ್‌ಗಳು ಇಬ್ಬರ ಪಾಲಾಗುತ್ತವೆ. ಆಮೇಲೆ ಕರ್ನಲ್ ನೇರವಾಗಿ ಬರೆದರೆ ಸ್ನ್ಯಾಪ್‌ಶಾಟ್ ಒಳಗಿನದೂ ಕೆಡುತ್ತೆ.

ಅಂದರೆ ಸ್ವಾಪ್‌ಗೆ ಬೇರೆ ಮನೆ ಬೇಕು.

ಸ್ವಾಪಾಫ್ ಮಾಡಿ ಫೈಲ್ ಅಳಿಸಿದೆ. ಎಲ್ಲಕ್ಕಿಂತ ಮೇಲಿನ ಸಬ್‌ವಾಲ್ಯೂಮ್ ಅನ್ನು, ಅಂದರೆ ಸಬ್‌ವಾಲ್‌ಐಡಿ 5 ಅನ್ನು, ಎಂಎನ್‌ಟಿ ಫೋಲ್ಡರ್‌ಗೆ ಮೌಂಟ್ ಮಾಡಿದೆ. ಅಲ್ಲಿ ರೂಟ್‌ನ @, ಹೋಮ್‌ನ @ಹೋಮ್ ಎರಡೂ ಕಾಣುತ್ತವೆ. ಅವುಗಳ ಪಕ್ಕ @ಸ್ವಾಪ್ ಅಂತ ಮೂರನೆಯದು ಸೃಷ್ಟಿಸಿದೆ. ರೂಟ್‌ನ ಒಳಗೇ ಒಂದು ಸಬ್‌ವಾಲ್ಯೂಮ್ ಮಾಡಿದರೂ ಸ್ನ್ಯಾಪ್‌ಶಾಟ್ ಕೆಲಸ ಮಾಡುತ್ತಿತ್ತು, ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲೂ ಉಳಿಯುತ್ತಿತ್ತು. ಆದರೆ ಮುಂದೆ ಹಳೆಯ ಸ್ನ್ಯಾಪ್‌ಶಾಟ್ ಅನ್ನು ರೂಟ್ ಮಾಡಿಕೊಂಡ ದಿನ ಒಳಗಿನ ಸಬ್‌ವಾಲ್ಯೂಮ್ ಹಳೆ ರೂಟ್ ಜೊತೆಗೇ ಉಳಿದುಬಿಡುತ್ತೆ. ಹುಡುಗ ರೋಲ್‌ಬ್ಯಾಕ್ ಮಾಡುವುದು ಪಕ್ಕಾ. ಹೊರಗೇ ಇರಲಿ.

@ಸ್ವಾಪ್ ಅನ್ನು ಸ್ವಾಪ್ ಅನ್ನುವ ಫೋಲ್ಡರ್‌ಗೆ ಮೌಂಟ್ ಮಾಡಿ ಅದರೊಳಗೆ ಅದೇ ಆರು ಹೆಜ್ಜೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಈಗ ಎರಡು ಸಾಲು: ಒಂದು ಸಬ್‌ವಾಲ್ಯೂಮ್ ಮೌಂಟ್ ಮಾಡಲು, ಇನ್ನೊಂದು ಅದರೊಳಗಿನ ಫೈಲ್ ಅನ್ನು ಸ್ವಾಪ್ ಅಂತ ಹೇಳಲು.

ರೀಸ್ಟಾರ್ಟ್. ಕಪ್ಪು ಪರದೆ. ಎಮರ್ಜೆನ್ಸಿ ಮೋಡ್.

ರಾತ್ರಿ 9:05

ಎಮರ್ಜೆನ್ಸಿ ಮೋಡ್‌ನಲ್ಲಿ ರೂಟ್ ಅನ್ನುವ ಆಡಳಿತ ಖಾತೆಯ ಪಾಸ್‌ವರ್ಡ್ ಕೇಳಬೇಕು. ಇದು ಅದೂ ಕೇಳಲಿಲ್ಲ, ರೂಟ್ ಖಾತೆಗೆ ಬೀಗ ಹಾಕಿದೆ ಅಂದಿತು. ಆ ಖಾತೆಗೆ ಪಾಸ್‌ವರ್ಡ್ ಇಡದೆ ಸುಡೋ ಮಾತ್ರ ಬಳಸುವ ಸಿಸ್ಟಮ್‌ಗಳಲ್ಲಿ ಇದು ಸಹಜ. ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಬ್‌ವಾಲ್ @ ಅಂತ ಕೊಟ್ಟು ರೂಟ್ ಮೌಂಟ್ ಮಾಡಿ ಎಫ್‌ಎಸ್‌ಟ್ಯಾಬ್ ತೆರೆದೆ.

ಸಬ್‌ವಾಲ್ ಸಮ ಚಿಹ್ನೆ, ಆಮೇಲೆ ಬರೀ ‘ಸ್ವಾಪ್’. @ ಬಿಟ್ಟುಹೋಗಿತ್ತು. ಇಲ್ಲದ ಸಬ್‌ವಾಲ್ಯೂಮ್ ಮೌಂಟ್ ಆಗದೆ ಇಡೀ ಬೂಟ್ ನಿಂತಿತ್ತು. ರೀಸ್ಟಾರ್ಟ್ ಮುಂಚೆ ಆ ಫೋಲ್ಡರ್ ಅನ್‌ಮೌಂಟ್ ಮಾಡಿ ಮೌಂಟ್ -ಎ ಕೊಟ್ಟಿದ್ದರೆ ಅಲ್ಲೇ ಸಿಗುತ್ತಿತ್ತು. ಕೈಯಾರೆ ಮೌಂಟ್ ಮಾಡಿದ್ದು ಕೆಲಸ ಮಾಡಿತ್ತಲ್ಲ, ಇದೂ ಮಾಡುತ್ತೆ ಅಂತ ಬಿಟ್ಟಿದ್ದೆ. ಜೊತೆಗೆ ನೋಫೇಲ್ ಅಂತಲೂ ಸೇರಿಸಿದೆ. ಸ್ವಾಪ್ ಇಲ್ಲ ಅಂತ ಯಂತ್ರವೇ ಏಳದೆ ಇರುವುದು ಅತಿಯಾಯಿತು.

9:20ಕ್ಕೆ ಬೂಟ್ ಆಯಿತು. ಸ್ವಾಪ್ 4ಜಿ. ಸ್ನ್ಯಾಪ್‌ಶಾಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಪರೀಕ್ಷೆಗೆ ಒಂದು ಮುಖ್ಯ ಪ್ಯಾಕೇಜ್ ಅನ್ನು ಬೇಕಂತಲೇ ಕಿತ್ತುಹಾಕಿ, ಸ್ನ್ಯಾಪ್‌ಶಾಟ್ ಅನ್ನು @ ಜಾಗಕ್ಕೆ ತಂದು ರೀಸ್ಟಾರ್ಟ್ ಮಾಡಿದೆ. ಎಲ್ಲ ಮೊದಲಿನ ಹಾಗೇ, ಸ್ವಾಪ್ ಕೂಡ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದು ಮೆಮೊರಿ ತುಂಬಿಸಿದೆ. ಸ್ವಾಪ್ ಬಳಕೆ 700 ಎಂಬಿ ದಾಟಿತು, ಡಿಮೆಸೇಜ್ ತೆಪ್ಪಗಿತ್ತು.

ಮಂಗಳವಾರ

ಇನ್‌ಸ್ಟಾಲರ್ ಮಾಡುವವರಿಗೆ ಬಗ್ ವರದಿ ಬರೆದೆ. ಮೂರು ಸಾಲು ವಿವರಣೆ, ಆ ನಾಲ್ಕು ಮನೆಯ ಚೌಕ, ಸ್ವಾಪಾನ್ ತಪ್ಪಿನ ಸಾಲು, ಡಿಮೆಸೇಜ್‌ನ ಹಳದಿ ಸಾಲು. ಪೆನ್‌ಡ್ರೈವ್ ಹೋಲಿಸಿದ್ದು, ಮೆಮೊರಿ ಪರೀಕ್ಷೆ, ಬಿಚ್ಚಿ ಕೂರಿಸಿದ್ದು ಯಾವುದನ್ನೂ ಬರೆಯಲಿಲ್ಲ, ಅವರಿಗೆ ಅದು ಬೇಡ. ಸೋಮವಾರ ಸಂಜೆಯ ಅರ್ಧ ಗಂಟೆಯಲ್ಲಿ ಸಿಕ್ಕಿದ್ದೇ ವರದಿಯ ಮುಕ್ಕಾಲು ಪಾಲು.

ಹುಡುಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದ. ಹತ್ತನೇ ಸ್ಕ್ರೂ ಯಾವ ತೂತಿನದು ಅಂತ ಇನ್ನೂ ಗೊತ್ತಾಗಿಲ್ಲ. ಒಂದು ಡಬ್ಬಿಯಲ್ಲಿ ಹಾಕಿಟ್ಟು, ಮೇಲೆ ತಾರೀಖು ಬರೆದಿದ್ದೇನೆ.